ಒಗಟು ಬಿಡಿಸಿದವನೇ ಎಂಜಿನಿಯರನೆ?

ಬಾವಿ ತೋಡುವವನನ್ನು ಗೊತ್ತುಮಾಡುವ ಮೊದಲು ಅವನು ಹಿಂದೆ ತೋಡಿದ ಬಾವಿಯಲ್ಲಿ ನೀರಿದೆಯೆ ಎಂದು ವಿಚಾರಿಸುವುದು ನಮ್ಮ ಹಳ್ಳಿಗರ ವಿವೇಕ. ಸಾಫ್ಟ್‌ವೇರ್ ಎಂಜಿನಿಯರರನ್ನು ಆರಿಸುವ ದೊಡ್ಡ ಕಂಪನಿಗಳ ರೀತಿಯೇ ಬೇರೆ. ಉದ್ಯೋಗಾರ್ಥಿಯನ್ನು ಹಲಗೆಯ ಮುಂದೆ ನಿಲ್ಲಿಸಿ, ಮುಕ್ಕಾಲು ಗಂಟೆಯೊಳಗೆ ಒಗಟೊಂದನ್ನು ಬಿಡಿಸೆಂದು ಹೇಳಿ, ಪರೀಕ್ಷಕರು ಕಣ್ಣು ಕೀಲಿಸಿ ಕುಳಿತಿರುವರು.

ಈ ಸಂಪ್ರದಾಯವು ಅಮೇರಿಕದಲ್ಲಿ ಬೆಳೆದುದು. ಚರಂಡಿಬಾಯಿಯ ಮುಚ್ಚಳವು ಏಕೆ ದುಂಡಗಿದೆ ಎಂಬಂಥ ಪ್ರಶ್ನೆಗಳನ್ನು ಮೈಕ್ರೋಸಾಫ್ಟ್ ಪ್ರಸಿದ್ಧಿಗೆ ತಂದಿತು. ಗೂಗಲ್ ಅದೇ ಜಾಡು ಹಿಡಿಯಿತು. ಆದರೆ 2013ರಲ್ಲಿ, ಗೂಗಲಿನ ಸಿಬ್ಬಂದಿ ವ್ಯವಹಾರಗಳ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ ಅವರೇ, ಇಂಥ ಒಗಟುಗಳಿಂದ ಕಾಲಹರಣವಲ್ಲದೆ ಬೇರೆ ಫಲವಿಲ್ಲ, ಕೇಳಿದವನಿಗೆ ತಾನು ಜಾಣನೆಂಬ ಸಂತೋಷವಷ್ಟೇ ಎಂಬರ್ಥದ ಮಾತನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಹೇಳಿದರು. ಮುಚ್ಚಳದ ಪ್ರಶ್ನೆ ಹೋಯಿತು. ಹಲಗೆ ಮಾತ್ರ ಹೋಗಲಿಲ್ಲ. ಅದರ ಮೇಲೆ ಪ್ರೋಗ್ರಾಮಿನ ಒಗಟುಗಳು ಬಂದು ಕುಳಿತವು.

ಹೋಮ್‌ಬ್ರೂ ಎಂಬ ಬಹೂಪಯೋಗಿ ಸಾಧನವನ್ನು ನಿರ್ಮಿಸಿದ ಮ್ಯಾಕ್ಸ್ ಹೋವೆಲ್, ಬೈನರಿ ಟ್ರೀ ಎಂಬ ರಚನೆಯೊಂದನ್ನು ಹಲಗೆಯ ಮೇಲೆ ತಿರುಗುಮುರುಗು ಮಾಡಲಾರದೆ ಗೂಗಲಿನಿಂದ ತಿರಸ್ಕೃತನಾದೆನೆಂದು 2015ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಸೋತವರೊಬ್ಬರ ಮಾತು ಪ್ರಮಾಣವಲ್ಲ, ನಿಜ. ಆದರೆ 2020ರಲ್ಲಿ ಉತ್ತರ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದವರೂ ಮೈಕ್ರೋಸಾಫ್ಟಿನವರೂ ಕೂಡಿ 48 ಜನರನ್ನು ಪರೀಕ್ಷಿಸಿದರು; ಕೆಲವರು ಏಕಾಂತದಲ್ಲಿ, ಉಳಿದವರು ಪರೀಕ್ಷಕನೆದುರಿನಲ್ಲಿ ಒಗಟು ಬಿಡಿಸಬೇಕಾಗಿತ್ತು. ಬರಿದೆ ಒಬ್ಬನು ನೋಡುತ್ತ ಕುಳಿತಿದ್ದ ಮಾತ್ರಕ್ಕೆ ಸಾಧನೆಯು ಅರ್ಧಕ್ಕಿಂತಲೂ ಕೆಳಗಿಳಿಯಿತು. ಹಾಗಾದರೆ ಅಳೆದುದು ಬುದ್ಧಿಯನ್ನೋ, ಅಂಜಿಕೆಯನ್ನೋ?

ಸಾವಿರಾರು ಅರ್ಜಿಗಳು ಬರುವಲ್ಲಿ ಜರಡಿಯೊಂದು ಬೇಕೆಂಬುದು ಸುಳ್ಳಲ್ಲ. ಪ್ರೋಗ್ರಾಮಿನ ಗಂಧವೇ ಇಲ್ಲದವನನ್ನು ಸುಲಭವಾದ ಲೆಕ್ಕವೊಂದು ಬಯಲಿಗೆಳೆಯುವುದು. ಅಷ್ಟಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಎಂಜಿನಿಯರನ ನಿತ್ಯದ ಕೆಲಸವಾವುದು? ಪರರು ಬರೆದಿಟ್ಟ ಸಾವಿರಾರು ಸಾಲುಗಳನ್ನು ತಾಳ್ಮೆಯಿಂದ ಓದುವುದು, ತಪ್ಪಿನ ಬೇರನ್ನು ಹುಡುಕುವುದು, ಜೊತೆಗಾರರೊಡನೆ ಹೊಂದಿ ದುಡಿಯುವುದು, ಬೇಡವಾದುದನ್ನು ಕಟ್ಟದಿರುವುದು. ಒಗಟಿನ ಜರಡಿಯಲ್ಲಿ ಇವೊಂದೂ ನಿಲ್ಲವು.

ಬೆಂಗಳೂರಿನ ನಮ್ಮ ತರುಣರಾದರೋ ಲೀಟ್‌ಕೋಡ್ ತಾಣದ ನೂರಾರು ಒಗಟುಗಳನ್ನು ತಿಂಗಳುಗಟ್ಟಲೆ ಉರುಹಚ್ಚುತ್ತಿರುವರು. ಹಗಲು ನೌಕರಿ, ರಾತ್ರಿ ಗಿಳಿಪಾಠ! ಸಂಸಾರಭಾರ ಹೊತ್ತವರಿಗೆ, ಕೈಗೂಸಿನ ತಾಯಂದಿರಿಗೆ, ಈ ಬಿಡುವೆಲ್ಲಿಯದು? ಯೋಗ್ಯತೆಯಿದ್ದೂ ಇವರು ಹೊರಗುಳಿಯುವರು. ಯಂತ್ರವೇ ಇಂಥ ಅನೇಕ ಒಗಟುಗಳನ್ನು ಕ್ಷಣದಲ್ಲಿ ಬಿಡಿಸಬಲ್ಲ ಈ ಕಾಲದಲ್ಲಿ ಉರುಹಾಕಿದುದರ ಬೆಲೆಯಾದರೂ ಎಷ್ಟು?

ವಿದೇಶೀ ಕಂಪನಿಗಳು ತಮ್ಮ ದಾರಿಯನ್ನು ತಾವು ನೋಡಿಕೊಳ್ಳಲಿ. ಕನ್ನಡಿಗರು ಕಟ್ಟಿ ನಡೆಸುತ್ತಿರುವ ಸಂಸ್ಥೆಗಳೂ ಅವರ ಹಲಗೆಯನ್ನೇ ಏಕೆ ಪೂಜಿಸಬೇಕು? ಕೆಟ್ಟಿರುವ ಚಿಕ್ಕದೊಂದು ಪ್ರೋಗ್ರಾಮನ್ನು ಅಭ್ಯರ್ಥಿಯ ಕೈಗಿತ್ತು, ಒಂದು ಮಧ್ಯಾಹ್ನ ಅವನನ್ನು ಏಕಾಂತದಲ್ಲಿ ಬಿಟ್ಟು, ಬಳಿಕ ಅವನು ಮಾಡಿದುದರ ಕಾರಣವನ್ನು ಅವನ ಬಾಯಿಂದಲೇ ಕೇಳಲಿ. ಆ ಮಧ್ಯಾಹ್ನದ ಕೂಲಿಯನ್ನೂ ಕೊಡಲಿ.