ಮಗ್ಗುಲು ಬದಲಿಸುವ ಕೈ

ನಮ್ಮಜ್ಜಿಗೆ ಲಕ್ವ ಹೊಡೆದದ್ದು ಶೇಂಗಾ ಕೀಳುವ ಕಾಲದಲ್ಲಿ. ಚಿತ್ರದುರ್ಗ ಜಿಲ್ಲೆಯ ತಳಕು ಹೋಬಳಿಯ ನಮ್ಮ ಊರಿನಲ್ಲಿ ಆ ದಿನಗಳಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲೇ. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇಟ್ಟುಕೊಂಡು ಮನೆಗೆ ಕಳಿಸುವಾಗ ಒಂದು ಚೀಟಿ ಕೊಟ್ಟರು. ಐದು ಮಾತ್ರೆಗಳ ಹೆಸರು, ಮತ್ತೆ ತೋರಿಸಲು ಬರಬೇಕಾದ ತಾರೀಖು, ಅಷ್ಟೇ. ಬಲಗೈ ಬಲಗಾಲು ಸ್ವಾಧೀನ ತಪ್ಪಿದ ಹೆಂಗಸಿಗೆ ನೀರು ಹಾಕುವುದು ಹೇಗೆ, ಗಂಟಲಲ್ಲಿ ಇಳಿಯದ ತುತ್ತನ್ನು ಉಣಿಸುವುದು ಹೇಗೆ, ರಾತ್ರಿ ಎಷ್ಟು ಸಲ ಮಗ್ಗುಲು ಬದಲಿಸಬೇಕು, ಇದೊಂದೂ ಆ ಚೀಟಿಯಲ್ಲಿ ಇರಲಿಲ್ಲ. ಅವ್ವ ತನಗೆ ತಿಳಿದಂತೆ ಮಾಡಿದಳು. ಮೂರನೇ ವಾರ ಅಜ್ಜಿಯ ಸೊಂಟದ ಕೆಳಗೆ, ಬಾಲಮೂಳೆಯ ಮೇಲೆ, ರೂಪಾಯಿ ಅಗಲದ ಕಪ್ಪು ಕಲೆ ಕಂಡಿತು. ಮಲಗಿ ಮಲಗಿ ಹೀಗಾಗಿದೆ ಎಂದುಕೊಂಡು ಎಣ್ಣೆ ಹಚ್ಚಿ ತಿಕ್ಕಿದಳು. ತಿಕ್ಕಬಾರದಿತ್ತು. ಅದು ಗೊತ್ತಾಗುವಷ್ಟರಲ್ಲಿ ಚರ್ಮ ಒಡೆದಿತ್ತು.

ಚೀಟಿಯಲ್ಲಿ ಬರೆಯದೆ ಉಳಿಯುವ ಈ ಕೆಲಸಕ್ಕೆ ಬೇರೆ ದೇಶಗಳಲ್ಲಿ ಹೆಸರಿದೆ, ತರಬೇತಿಯಿದೆ, ಸಂಬಳವಿದೆ. ಕೆನಡಾದ ಒಂಟಾರಿಯೊದಲ್ಲಿ ಇದನ್ನು ಮಾಡುವವರನ್ನು ಪರ್ಸನಲ್ ಸಪೋರ್ಟ್ ವರ್ಕರ್ ಎನ್ನುತ್ತಾರೆ. ನಮ್ಮ ಸರ್ಕಾರದ ಕೌಶಲ ತರಬೇತಿಯ ಪಟ್ಟಿಯಲ್ಲಿ ಜನರಲ್ ಡ್ಯೂಟಿ ಅಸಿಸ್ಟೆಂಟ್, ಹೋಮ್ ಹೆಲ್ತ್ ಏಡ್ ಎಂಬ ಹೆಸರುಗಳಿವೆ. ಬೆಂಗಳೂರಿನ ಮನೆಗಳಲ್ಲಿ ಹೋಂ ನರ್ಸ್ ಎಂದು ಕರೆಯುವುದು ರೂಢಿ, ಎಷ್ಟೋ ಸಲ ಅವರು ನರ್ಸ್ ಓದಿದವರೇ ಆಗಿರುವುದಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಅವರು ಆಯಾ. ನಮ್ಮ ಕಡೆ ಹೆಸರೇ ಇಲ್ಲ. ‘ಯಾರು ನೋಡ್ಕೊಳ್ತಾರೆ?’ ಎಂದು ಕೇಳುತ್ತಾರೆ, ‘ಸೊಸೆ ಇದಾಳಲ್ಲ’ ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಮಾತು ಮುಗಿಯಿತು.

ಹೆಸರಿಲ್ಲ ಎಂದೆ. ಆದರೆ ಒಂದು ಪದ ಈ ಸೀಮೆಯ ಬಂಡೆಯ ಮೇಲೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿರುವುದು ಶಾಲೆಗೆ ಹೋದ ಎಲ್ಲರಿಗೂ ಗೊತ್ತು. ಬಿ.ಎಲ್. ರೈಸ್ 1892ರಲ್ಲಿ ಅವುಗಳನ್ನು ಬೆಳಕಿಗೆ ತಂದರು. ಕ್ರಿಸ್ತಪೂರ್ವ ಮೂರನೇ ಶತಮಾನದ ಆ ಬ್ರಾಹ್ಮಿ ಅಕ್ಷರಗಳಲ್ಲಿ, ತಾಯಿತಂದೆಯರ ವಿಷಯ ಹೇಳುವ ಕಡೆ, ‘ಸುಸೂಸಿತವಿಯೆ’ ಎಂಬ ಪ್ರಾಕೃತ ಪದ ಬರುತ್ತದೆ. ನಮ್ಮ ಶುಶ್ರೂಷೆ ಎಂಬ ಮಾತು ಅದರ ಒಡಹುಟ್ಟು. ಇಂದು ಶುಶ್ರೂಷೆ ಎಂದರೆ ರೋಗಿಯ ಆರೈಕೆ, ಶುಶ್ರೂಷಕಿ ಎಂದರೆ ನರ್ಸ್. ಪದದ ಬೇರಿಗೆ ಹೋದರೆ ಅರ್ಥ ಬೇರೆಯೇ ಸಿಗುತ್ತದೆ. ಶ್ರು ಎಂದರೆ ಕೇಳು. ಶುಶ್ರೂಷೆ ಎಂದರೆ ಕೇಳಿಸಿಕೊಳ್ಳಬೇಕೆಂಬ ಆಸೆ. ಶಾಸನದಲ್ಲಿ ಅದು ಹಿರಿಯರ ಮಾತಿಗೆ ಕಿವಿಗೊಟ್ಟು ನಡೆಯುವುದನ್ನು ಸೂಚಿಸುತ್ತದೆ. ಕಿವಿಗೊಡುವುದು ಹೇಗೆ ಸೇವೆಯಾಯಿತು, ಸೇವೆ ಹೇಗೆ ಆರೈಕೆಯಾಯಿತು ಎಂಬುದು ಭಾಷಾಪಂಡಿತರ ವಿಷಯ. ಹಾಸಿಗೆ ಹಿಡಿದವರ ಪಕ್ಕದಲ್ಲಿ ಒಂದು ವಾರ ಕೂತವರಿಗೆ ಮಾತ್ರ ಈ ಸಂಬಂಧವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಕೆಲಸದಲ್ಲಿ ಮೊದಲು ಕಲಿಯಬೇಕಾದದ್ದು ಮಗ್ಗುಲು ಬದಲಿಸುವುದನ್ನು. ತಾನಾಗಿ ಹೊರಳಲಾರದ ದೇಹವನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಹೊರಳಿಸಬೇಕು, ಹಗಲೂ ರಾತ್ರಿಯೂ. ಮೂಳೆ ಚರ್ಮಕ್ಕೆ ಹತ್ತಿರವಿರುವ ಜಾಗಗಳಲ್ಲಿ, ಅಂದರೆ ಬಾಲಮೂಳೆ, ಹಿಮ್ಮಡಿ, ಸೊಂಟದ ಪಕ್ಕ, ಮೊಣಕೈ, ಹೆಗಲಮೂಳೆ, ತಲೆಯ ಹಿಂಭಾಗದಲ್ಲಿ, ದೇಹದ ಭಾರವೇ ರಕ್ತದ ಓಡಾಟವನ್ನು ತಡೆಯುತ್ತದೆ. ಪುಸ್ತಕಗಳು ಚರ್ಮ ಕೆಂಪಾಗುತ್ತದೆ ಎನ್ನುತ್ತವೆ. ನಮ್ಮ ಮೈಬಣ್ಣಕ್ಕೆ ಕೆಂಪು ಕಾಣುವುದಿಲ್ಲ. ಆ ಜಾಗ ಸುತ್ತಲಿನದಕ್ಕಿಂತ ಕಪ್ಪಾಗಿರಬಹುದು, ಮುಟ್ಟಿದರೆ ಬಿಸಿಯಾಗಿ ಅಥವಾ ಗಟ್ಟಿಯಾಗಿ ಸಿಗಬಹುದು. ಹಾಗೆ ಕಂಡಲ್ಲಿ ಒತ್ತಡ ತಪ್ಪಿಸಬೇಕೇ ಹೊರತು ತಿಕ್ಕಬಾರದು; ಒಳಗೆ ನಲುಗಿದ ಮಾಂಸ ಇನ್ನಷ್ಟು ನಲುಗುತ್ತದೆ. ಹಳೆಯ ಸೀರೆಯ ಮಡಿಕೆಯನ್ನು ಮೀನಖಂಡದ ಕೆಳಗಿಟ್ಟು ಹಿಮ್ಮಡಿಯನ್ನು ಹಾಸಿಗೆಯಿಂದ ಒಂದು ಬೆರಳು ಮೇಲೆತ್ತಿದರೆ, ಕಾಲಿನ ಹುಣ್ಣು ಎಷ್ಟೋ ಸಲ ಹುಟ್ಟುವುದೇ ಇಲ್ಲ. ಚಳ್ಳಕೆರೆಯ ಕಂಬಳಿ ಚಳಿಗೆ ಹೊದೆಯಲು ಬಲು ಚೆನ್ನ, ಇಂಥವರ ಮೈಯಡಿಗೆ ಹಾಸಲು ಅಲ್ಲ. ಅದರ ಒರಟು ನೂಲು ತೆಳುಚರ್ಮವನ್ನು ಸವೆಸುತ್ತದೆ.

ಆಮೇಲೆ ಉಣಿಸುವುದು. ಇಲ್ಲಿ ಊಟವೆಂದರೆ ಮುದ್ದೆ. ಅದನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಲಕ್ವ ಹೊಡೆದು ಗಂಟಲ ಸ್ನಾಯು ಸೋತವರಿಗೆ ಇದೇ ಕಂಟಕ. ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸನಾಳಕ್ಕೆ ಜಾರಿದರೆ ಉಸಿರು ಕಟ್ಟುತ್ತದೆ, ಇಲ್ಲವೇ ನಾಲ್ಕು ದಿನ ಕಳೆದು ನ್ಯುಮೋನಿಯಾ ಆಗಿ ಕಾಡುತ್ತದೆ. ನೀರು, ಚಹಾದಂಥ ತೆಳು ಪದಾರ್ಥಗಳೂ ಅಷ್ಟೇ ಅಪಾಯ. ಎಷ್ಟೋ ಮಂದಿಗೆ ಗಟ್ಟಿ ಗಂಜಿ ನೀರಿಗಿಂತ ಸಲೀಸಾಗಿ ಇಳಿಯುತ್ತದೆ. ಯಾರಿಗೆ ಏನು ಇಳಿಯುತ್ತದೆ ಎಂಬುದನ್ನು ಮನೆಗೆ ಹೊರಡುವ ಮೊದಲೇ ವೈದ್ಯರ ಬಳಿ ಕೇಳಿಕೊಳ್ಳಬೇಕು. ಮಲಗಿದಲ್ಲೇ ಉಣಿಸಬಾರದು. ಬೆನ್ನಿಗೆ ಒತ್ತುಕೊಟ್ಟು ನೆಟ್ಟಗೆ ಕೂರಿಸಿ, ಸ್ವಾಧೀನವಿರುವ ಕಡೆಯ ಕೆನ್ನೆಗೆ ಚಿಕ್ಕ ತುತ್ತು ಇಟ್ಟು, ನುಂಗಿದ್ದು ಖಾತ್ರಿಯಾದ ಮೇಲೆ ಇನ್ನೊಂದು. ಉಂಡ ಮೇಲೂ ಅರ್ಧ ಗಂಟೆ ಕೂತಿರಬೇಕು. ಕೆಮ್ಮು ಬಂದರೆ, ದನಿ ಗೊರಗೊರ ಎಂದರೆ, ಅಲ್ಲಿಗೇ ನಿಲ್ಲಿಸಬೇಕು. ಒಂದು ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಹೊಲಕ್ಕೆ ಹೊತ್ತಾಯಿತೆಂದು ಅವಸರ ಮಾಡುವವರ ಕೈಯಲ್ಲಿ ಈ ಕೆಲಸ ಆಗುವುದಿಲ್ಲ. ಆ ಅವಸರ ಅವರ ತಪ್ಪೂ ಅಲ್ಲ. ಆ ದಿನದ ಕೂಲಿಯೂ ಹೊಟ್ಟೆಯ ಮಾತೇ.

ಬಟ್ಟೆ ತೊಡಿಸುವುದರಲ್ಲೂ ಕ್ರಮವಿದೆ. ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಗಟ್ಟಿ ಕೈ ಮೊದಲು. ಸೋತ ಕೈಯನ್ನು ಹಿಡಿದು ಎಳೆದು ಎಬ್ಬಿಸಿದರೆ ಹೆಗಲಿನ ಕೀಲು ಜಾರುತ್ತದೆ. ಮೈ ಒರೆಸುವಾಗ ಒಂದೊಂದೇ ಭಾಗವನ್ನು ತೆರೆದು, ಒರೆಸಿ, ಒಣಗಿಸಿ, ಮುಚ್ಚಿ ಮುಂದೆ ಹೋಗಬೇಕು. ಮುಖದಿಂದ ಶುರು, ಗುಪ್ತಾಂಗ ಕೊನೆಗೆ, ಅದೂ ಮುಂದಿನಿಂದ ಹಿಂದಕ್ಕೆ, ನೀರು ಬದಲಿಸಿ. ಜೀವಮಾನವಿಡೀ ಸೆರಗು ಸರಿಮಾಡಿಕೊಂಡೇ ಬದುಕಿದ ಹೆಂಗಸು ಇನ್ನೊಬ್ಬರ ಮುಂದೆ ಹೀಗೆ ಮಲಗಬೇಕಾದಾಗ ಮುಖ ತಿರುಗಿಸಿಕೊಳ್ಳುತ್ತಾಳೆ. ನುರಿತವರು ಆಗ ಬೇರೇನೋ ಮಾತು ತೆಗೆಯುತ್ತಾರೆ. ಮಳೆ, ಬೆಳೆ, ನಾಯಕನಹಟ್ಟಿ ಜಾತ್ರೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ.

ನಮ್ಮ ಸೀಮೆಗೆ ಇನ್ನೊಂದು ಕಷ್ಟವಿದೆ. ಚಿತ್ರದುರ್ಗ ಜಿಲ್ಲೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಮೊಳಕಾಲ್ಮೂರು ಸೀಮೆಯಲ್ಲಂತೂ ಇದು ಹಳೆಯ ಗೋಳು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗೆ ಕಲೆ ಬರುತ್ತದೆ, ಅದಕ್ಕಿಂತ ಬಹಳ ಹೆಚ್ಚಾದಾಗ ಬೆನ್ನುಮೂಳೆ, ಕೀಲುಗಳು ಬಿರುಸಾಗಿ ಬಗ್ಗದಂತಾಗುತ್ತವೆ. ಇಂಥವರನ್ನು ಎಬ್ಬಿಸಿ ಕೂರಿಸುವುದು ಮೆತ್ತನೆಯ ದೇಹವನ್ನು ಎಬ್ಬಿಸಿದಂತಲ್ಲ. ಕತ್ತು ತಿರುಗದವರನ್ನು ಒಂದೇ ಮರದ ದಿಮ್ಮಿಯಂತೆ, ತಲೆ, ಹೆಗಲು, ಸೊಂಟ ಒಟ್ಟಿಗೆ ಹೊರಳಿಸಬೇಕು. ಎತ್ತುವವಳೂ ತನ್ನ ಮೊಣಕಾಲು ಬಗ್ಗಿಸಿ, ಭಾರವನ್ನು ಎದೆಗೆ ಹತ್ತಿರ ತಂದುಕೊಂಡು ಎತ್ತಬೇಕು. ಸೊಂಟ ಬಗ್ಗಿಸಿ ಎತ್ತಿದರೆ ಆರು ತಿಂಗಳಲ್ಲಿ ಅವಳೂ ಹಾಸಿಗೆ ಹಿಡಿಯುತ್ತಾಳೆ. ಅದೇ ನೀರು ಕುಡಿದ ಬೆನ್ನು ಅವಳದೂ.

ಕೇಳಿಸಿಕೊಳ್ಳುವುದು ಎಂದೆನಲ್ಲ, ಅದು ಈ ಕೆಲಸದ ಅರ್ಧ. ವೈದ್ಯರು ರೋಗಿಯನ್ನು ನೋಡುವುದು ಹತ್ತು ನಿಮಿಷ, ಆರೈಕೆ ಮಾಡುವವಳು ಇಡೀ ದಿನ. ಮೂತ್ರದ ಬಣ್ಣ ಗಾಢವಾಯಿತೇ, ಎರಡು ದಿನದಿಂದ ಮಲ ಆಗಿಲ್ಲವೇ, ನಿನ್ನೆ ಗುರುತು ಹಿಡಿದವರು ಇವತ್ತು ಯಾರೆಂದು ಕೇಳುತ್ತಿದ್ದಾರೆಯೇ, ಉಸಿರು ಬದಲಾಯಿತೇ. ಇವನ್ನೆಲ್ಲ ಮೊದಲು ಕಾಣುವವಳು ಇವಳೇ. ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಹೊತ್ತು ಹಾಕಿ ಬರೆದಿಟ್ಟು ನರ್ಸಿಗೋ ವೈದ್ಯರಿಗೋ ಹೇಳುವುದು ಅವಳ ಹೊಣೆ. ಯಾವ ಭಾಷೆಯಲ್ಲಿ ಕೇಳಿಸಿಕೊಳ್ಳುವುದು ಎಂಬುದೂ ಇಲ್ಲಿ ದೊಡ್ಡ ಪ್ರಶ್ನೆ. ಚಳ್ಳಕೆರೆ, ಮೊಳಕಾಲ್ಮೂರಿನ ಎಷ್ಟೋ ಮನೆಗಳ ಒಳಮಾತು ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಕಾಯಿಲೆ ಬಿದ್ದ ಮುದುಕರು ಕೊನೆಗೆ ನೋವನ್ನು ಹೇಳುವುದು ತೊಟ್ಟಿಲಲ್ಲಿ ಕೇಳಿದ ಮಾತಿನಲ್ಲೇ. ‘ನೊಪ್ಪಿ’ ಎಂದಾಗ ಅರ್ಥವಾಗುವವರು ಪಕ್ಕದಲ್ಲಿರಬೇಕು.

ಗೆರೆಯೂ ಇದೆ, ಅದು ತಿಳಿದಿರಬೇಕು. ಇಂಜೆಕ್ಷನ್ ಕೊಡುವುದು, ಮೂತ್ರದ ನಳಿಕೆ ಹಾಕುವುದು ಅಥವಾ ತೆಗೆಯುವುದು, ಮಾತ್ರೆಯ ಪ್ರಮಾಣವನ್ನು ತಾನೇ ಹೆಚ್ಚು ಕಡಿಮೆ ಮಾಡುವುದು ಆರೈಕೆ ಸಹಾಯಕಿಯ ಕೆಲಸವಲ್ಲ. ನಳಿಕೆಯ ಚೀಲ ಸೊಂಟಕ್ಕಿಂತ ಕೆಳಗಿರುವಂತೆ ನೋಡಿಕೊಳ್ಳುವುದು, ಅದು ತುಂಬುವ ಮೊದಲೇ ಖಾಲಿ ಮಾಡುವುದು, ನಳಿಕೆ ಎಲ್ಲೂ ಎಳೆಯದಂತೆ ಕಾಯುವುದು ಅವಳ ಕೆಲಸ. ಹಳ್ಳಿಯಲ್ಲಿ ಈ ಗೆರೆ ಎರಡೂ ಕಡೆಯಿಂದ ಅಳಿಸಿಹೋಗುತ್ತದೆ. ಒಂದು ಕಡೆ ಅವಳಿಗೆ ಇಂಜೆಕ್ಷನ್ನೂ ಕೊಡು ಎನ್ನುತ್ತಾರೆ, ಇನ್ನೊಂದು ಕಡೆ ಪಾತ್ರೆಯೂ ತೊಳೆ ಎನ್ನುತ್ತಾರೆ.

ಹಿಂದೆ ಈ ಜ್ಞಾನ ಹಳ್ಳಿಗಳಲ್ಲಿ ಇರಲಿಲ್ಲವೆಂದಲ್ಲ. ಸೂಲಗಿತ್ತಿಯರು ಹೆರಿಗೆ ಮಾಡಿಸಿ ಎದ್ದು ಹೋಗುತ್ತಿರಲಿಲ್ಲ, ಬಾಣಂತಿಗೂ ಕೂಸಿಗೂ ನೀರು ಹಾಕುವವರೂ ಅವರೇ. ನಮಗೆ ದೂರವಲ್ಲದ ಪಾವಗಡದ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಓದು ಬಾರದ ಆ ತಾಯಿಯ ಬೆರಳುಗಳಿಗೆ ತಿಳಿದಿದ್ದದ್ದು ಸಣ್ಣ ವಿದ್ಯೆಯಲ್ಲ.

ಈಗ ಹಳ್ಳಿಯ ಬಾಗಿಲಿಗೆ ಬರುವವರು ಆಶಾ ಕಾರ್ಯಕರ್ತೆಯರು. 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಹುಟ್ಟುಹಾಕಿದ ಹುದ್ದೆ ಇದು. ಸಾವಿರ ಜನಕ್ಕೊಬ್ಬರು, ಆ ಊರಿನವರೇ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮೂರನೇ, ಏಳನೇ, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಕೂಸಿನ ತೂಕ, ಮೈಶಾಖ, ಉಸಿರಾಟ ನೋಡಬೇಕು. ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚು ಇದ್ದರೆ ಕೂಡಲೇ ಆಸ್ಪತ್ರೆಗೆ. ಮನೆಗೆ ಎಂದೆ, ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿ ಮನೆಯಲ್ಲಿರುವುದಿಲ್ಲ. ಸೂತಕವೆಂದು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿರುತ್ತಾಳೆ. ಆಶಾ ಅಕ್ಕ ಅಲ್ಲಿಗೇ ಹೋಗಿ, ಬಗ್ಗಿ ಒಳಗೆ ನುಗ್ಗಿ, ಕೂಸನ್ನು ತೂಗುತ್ತಾಳೆ. ಹಟ್ಟಿಯ ಹಿರಿಯರ ಜೊತೆ ಜಗಳಕ್ಕಿಳಿಯದೆ, ಬಿಟ್ಟೂ ಕೊಡದೆ, ಈ ಸಲ ಒಳಗೆ ಕರೆದುಕೊಳ್ಳಿ ಎಂದು ಒಪ್ಪಿಸುವ ಕೆಲಸ ಯಾವ ಕೈಪಿಡಿಯಲ್ಲೂ ಇಲ್ಲ.

ಆಶಾಗಳ ದುಡಿಮೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಜಾಗತಿಕ ಪ್ರಶಸ್ತಿ ಕೊಟ್ಟು ಗೌರವಿಸಿತು. 2025ರ ಜನವರಿಯ ಚಳಿಯಲ್ಲಿ ಇದೇ ಹೆಣ್ಣುಮಕ್ಕಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಕೂತು, ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗಲಿದೆ ಎಂಬ ಭರವಸೆ ಪಡೆದು ಎದ್ದರು. ಪ್ರಶಸ್ತಿ ಬಂದವರು ಗೌರವಧನಕ್ಕಾಗಿ ನೆಲದ ಮೇಲೆ ಮಲಗಬೇಕಾಯಿತು ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಅಂಗವಿಕಲರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ಅಂಗವಿಕಲರೇ. ಗಾಲಿಕುರ್ಚಿ, ಪಿಂಚಣಿ, ಗುರುತಿನ ಚೀಟಿಗೆ ಅವರೇ ಓಡಾಡುವುದು. ಆದರೆ ಆಶಾ ಆಗಲಿ ಇವರಾಗಲಿ ಹಾಸಿಗೆಯ ಪಕ್ಕ ಇರುಳು ಕೂರುವವರಲ್ಲ, ಕೂರಬೇಕೆಂದು ಕೇಳುವುದೂ ಸರಿಯಲ್ಲ. ಬಂದು ನೋಡಿ ಹೇಳಿ ಹೋಗುತ್ತಾರೆ. ಉಳಿದ ಇಪ್ಪತ್ಮೂರು ಗಂಟೆ ಮನೆಯವರದು. ಮಳೆ ಕೈಕೊಟ್ಟ ವರ್ಷ ಮನೆಯವರೇ ಇರುವುದಿಲ್ಲ. ಗಂಡಹೆಂಡಿರು ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಗಳಿಗೋ ಗುಳೆ ಹೋಗುತ್ತಾರೆ, ಊರಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಮೊಮ್ಮಗಳು ಶಾಲೆ ಬಿಟ್ಟು ಅಜ್ಜನ ಮಗ್ಗುಲು ಬದಲಿಸುತ್ತಾಳೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಿದೆ. ಪಕ್ಕದ ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ ನೀತಿಯೊಂದನ್ನು ಮಾಡಿ, ಅದನ್ನು ಪಂಚಾಯಿತಿಗಳ ಕೈಗೆ ಒಪ್ಪಿಸಿತು. ನರ್ಸು, ಊರಿನ ಸ್ವಯಂಸೇವಕರು ಕೂಡಿ ಹಾಸಿಗೆ ಹಿಡಿದವರ ಮನೆಗೇ ಹೋಗುತ್ತಾರೆ, ಹೋದಾಗ ಮನೆಯವರಿಗೆ ಕೈಹಿಡಿದು ಕಲಿಸುತ್ತಾರೆ. ನಮ್ಮಲ್ಲಿ ಬೆಂಗಳೂರಿನ ಕರುಣಾಶ್ರಯ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ಕೇಳದೆ ನೋಡಿಕೊಳ್ಳುತ್ತ ಬಂದಿದೆ. ತಳಕಿನಿಂದ ಅದು ಬಹಳ ದೂರ. ತಳಕಿಗೆ ಬೇಕಾದದ್ದು ದೊಡ್ಡ ಕಟ್ಟಡವಲ್ಲ. ಹೋಬಳಿಗೆ ಹತ್ತು ಮಂದಿ ತರಬೇತಿ ಪಡೆದ ಹೆಣ್ಣುಮಕ್ಕಳು, ಗಂಡಸರೂ ಆಗಬಹುದು, ಮತ್ತು ಅವರಿಗೊಂದು ನೆಟ್ಟಗಿನ ಸಂಬಳ. ಡಿಸ್ಚಾರ್ಜ್ ಚೀಟಿ ಕೊಡುವ ಮುನ್ನ ಮನೆಯವರೊಬ್ಬರನ್ನು ಮಂಚದ ಬಳಿ ಕರೆದು, ಹೀಗೆ ಹೊರಳಿಸಿ, ಹೀಗೆ ಉಣಿಸಿ ಎಂದು ಅರ್ಧ ಗಂಟೆ ತೋರಿಸಿಕೊಡುವ ಪದ್ಧತಿ ಬಂದರಂತೂ ಅದಕ್ಕೆ ಯಾವ ಬಜೆಟ್ಟೂ ಬೇಡ.

ಅಜ್ಜಿಯ ಹುಣ್ಣು ಆರಲು ನಾಲ್ಕು ತಿಂಗಳು ಹಿಡಿಯಿತು. ಊರಿನ ಆಶಾ ಅಕ್ಕ ನರ್ಸಮ್ಮನನ್ನು ಕರೆತಂದು ತೋರಿಸಿದ ಮೇಲೆ ಅವ್ವ ಎಲ್ಲವನ್ನೂ ಮೊದಲಿನಿಂದ ಕಲಿತಳು. ಮಾತು ಹೋಗಿದ್ದ ಅಜ್ಜಿ ಎಡಗೈಯಿಂದ ಮಂಚದ ಪಟ್ಟಿಯನ್ನು ಒಮ್ಮೆ ಬಡಿದರೆ ನೀರು, ಎರಡು ಸಲ ಬಡಿದರೆ ಮಗ್ಗುಲು, ಬಡಿಯುತ್ತಲೇ ಇದ್ದರೆ ಸುಮ್ಮನೆ ಹತ್ತಿರ ಬಂದು ಕೂರು ಎಂದರ್ಥ. ಇಬ್ಬರೂ ಸೇರಿ ಮಾಡಿಕೊಂಡ ಈ ಭಾಷೆಯಲ್ಲಿ ಎರಡು ವರ್ಷ ಬದುಕಿದರು.

ಈಗ ಊರಿನಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಅವ್ವನಿಗೆ ಕರೆ ಬರುತ್ತದೆ. ಹೋದ ಕೂಡಲೇ ಕೈಬಳೆ ತೆಗೆದು ಗೂಡಿನಲ್ಲಿಡುತ್ತಾಳೆ, ಗೀರಬಾರದೆಂದು. ಸೋಪು ಹಾಕಿ ಕೈ ತೊಳೆಯುತ್ತಾಳೆ. ಹೊದಿಕೆ ಸರಿಸಿ ಮೊದಲು ಹಿಮ್ಮಡಿ ನೋಡುತ್ತಾಳೆ, ಆಮೇಲೆ ಬಾಲಮೂಳೆ. ಮತ್ತೆ ಹೊದಿಸಿ, ತಲೆದಿಂಬಿನ ಪಕ್ಕ ಕೂತು, ಎಲ್ಲಿ ನೋಯುತ್ತೆ ಎಂದು ಕೇಳುತ್ತಾಳೆ. ಮನೆಯವರು ಉತ್ತರ ಕೊಡಲು ಬಾಯಿ ತೆರೆದರೆ ಕೈಸನ್ನೆ ಮಾಡಿ ತಡೆಯುತ್ತಾಳೆ. ಮಲಗಿದವರೇ ಹೇಳಲಿ ಎಂದು ಕಾಯುತ್ತಾಳೆ.