ಪರದೆ ಕಪ್ಪಾಯ್ತು ಅಂತ ಫಾರ್ಮ್ಯಾಟ್ ಮಾಡಿಸಬೇಡಿ: ಲಿನಕ್ಸ್ ಕಂಪ್ಯೂಟರ್ ಇರೋರು ಇದನ್ನ ಓದಿ

ಬೆಳಗ್ಗೆ ಅಂಗಡಿ ಶಟರ್ ಎತ್ತಿ ಕಂಪ್ಯೂಟರ್ ಆನ್ ಮಾಡ್ತೀರಿ. ಫ್ಯಾನ್ ತಿರುಗುತ್ತೆ, ಕಂಪನಿ ಲೋಗೋನೂ ಬರುತ್ತೆ. ಆಮೇಲೆ ಪರದೆ ಪೂರ್ತಿ ಕಪ್ಪು. ರಿಪೇರಿಗೆ ಕೊಟ್ಟರೆ ‘ಫಾರ್ಮ್ಯಾಟ್ ಮಾಡ್ಬೇಕು’ ಅನ್ನೋ ಮಾತು ಬರಬಹುದು. ಡಿಸ್ಕ್ ಪೂರ್ತಿ ಅಳಿಸಿದರೆ ಉದ್ರಿ ಲೆಕ್ಕ, ಬಿಲ್, ಗಿರಾಕಿಗಳ ಫೋಟೊ ಎಲ್ಲ ಹೋಗುತ್ತೆ. ಉಬುಂಟು, ಮಿಂಟ್ ಥರದ ಲಿನಕ್ಸ್ ಹಾಕಿಸಿಕೊಂಡವರು ಒಂದು ವಿಷಯ ನೆನಪಿಡಬೇಕು. ಹೀಗಾದಾಗ ಎಷ್ಟೋ ಸಲ ಡಿಸ್ಕ್ ಚೆನ್ನಾಗೇ ಇರುತ್ತೆ, ಕೆಟ್ಟಿರೋದು ಚಿತ್ರ ತೋರಿಸೋ ವ್ಯವಸ್ಥೆ ಮಾತ್ರ.

ಯಾಕೆ ಹೀಗಾಗುತ್ತೆ?

ಪರದೆಯ ಪ್ರತಿ ಚುಕ್ಕಿಗೆ ಯಾವ ಬಣ್ಣ ಅನ್ನೋದು ಮೆಮೊರಿಯಲ್ಲಿ ಒಂದು ಕಡೆ ಬರೆದಿರುತ್ತೆ. ಅದೇ ಫ್ರೇಮ್‌ಬಫರ್. 1920x1080 ಪರದೆಗೆ ಸುಮಾರು 8 ಎಂಬಿ ಜಾಗ ಬೇಕು. ಆನ್ ಮಾಡಿದಾಗ ಓಡೋ ಬಿಳಿ ಅಕ್ಷರಗಳೂ ಇಲ್ಲಿಂದಲೇ ಬರೋದು. ಪರದೆಗೆ ಯಾವ ರೆಸಲ್ಯೂಶನ್ ಅಂತ ಲಿನಕ್ಸ್ ಕರ್ನಲ್ ತಾನೇ ತೀರ್ಮಾನಿಸೋದು 2009ರಲ್ಲಿ ಇಂಟೆಲ್ ಗ್ರಾಫಿಕ್ಸ್‌ನಿಂದ ಶುರುವಾಯ್ತು. ಅಪ್‌ಡೇಟ್ ಆದಮೇಲೆ ಗ್ರಾಫಿಕ್ಸ್ ಡ್ರೈವರ್ ಹೊಂದಿಕೆಯಾಗದಿದ್ದರೆ ಪರದೆ ಖಾಲಿ. ಮಾನಿಟರ್ ‘ಔಟ್ ಆಫ್ ರೇಂಜ್’ ಅಂತ ತೋರಿಸಿದರೆ, ಅದಕ್ಕೆ ಆಗದ ರೆಸಲ್ಯೂಶನ್ ಹೋಗ್ತಿದೆ ಅಂತ ಅರ್ಥ.

ಏನು ಮಾಡಬೇಕು?

1. ಮೊದಲು ಕೇಬಲ್ ನೋಡಿ. ಗ್ರಾಫಿಕ್ಸ್ ಕಾರ್ಡ್ ಬೇರೆ ಇದ್ದರೆ ಕೇಬಲ್ ಆ ಕಾರ್ಡಿಗೇ ಹಾಕಬೇಕು.

2. ಕಂಟ್ರೋಲ್, ಆಲ್ಟ್, ಎಫ್3 ಮೂರೂ ಕೀ ಒಟ್ಟಿಗೆ ಒತ್ತಿ. ಅಕ್ಷರದಲ್ಲಿ ಲಾಗಿನ್ ಕೇಳಿದರೆ ಸಿಸ್ಟಮ್ ಒಳಗೆ ನಡೀತಿದೆ.

3. ಅದೂ ಬರಲಿಲ್ಲ ಅಂದ್ರೆ ರೀಸ್ಟಾರ್ಟ್ ಮಾಡಿ, ಲೋಗೋ ಹೋದ ಕೂಡಲೇ ಎಸ್ಕೇಪ್ ಕೀ ಒತ್ತಿ. ಹಳೇ ಯಂತ್ರವಾದರೆ ಶಿಫ್ಟ್ ಒತ್ತಿ ಹಿಡೀಬೇಕು. ಗ್ರಬ್ ಮೆನು ಬರುತ್ತೆ. ಅದರಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ಗೆ ಹೋಗಿ ಹಿಂದಿನ ಕರ್ನಲ್ ಆರಿಸಿ ನೋಡಿ. ಅಪ್‌ಡೇಟ್‌ನಿಂದ ಆದ ತೊಂದರೆಯಾಗಿದ್ದರೆ ಇಷ್ಟಕ್ಕೇ ಸರಿಹೋಗಬಹುದು.

4. ಇಲ್ಲದಿದ್ದರೆ ಮೆನುವಿನ ಮೊದಲ ಸಾಲಿನ ಮೇಲೆ ನಿಂತು ‘ಇ’ ಕೀ ಒತ್ತಿ. ಲಿನಕ್ಸ್ ಅಂತ ಶುರುವಾಗೋ ಸಾಲಿನ ಕೊನೆಯಲ್ಲಿ ಒಂದು ಜಾಗ ಬಿಟ್ಟು ‘ನೋಮೋಡ್‌ಸೆಟ್’ ಅಂತ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ: ಎನ್, ಓ, ಎಂ, ಓ, ಡಿ, ಇ, ಎಸ್, ಇ, ಟಿ. ನಡುವೆ ಜಾಗ ಬೇಡ. ಎಫ್10 ಒತ್ತಿ. ಪರದೆ ಸ್ವಲ್ಪ ಒರಟಾಗಿ ಕಂಡರೂ ಕೆಲಸಕ್ಕೆ ಸಾಕು. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ, ಹಾಗಾಗಿ ಹೆದರೋದು ಬೇಡ. ಒಳಗೆ ಹೋದ ತಕ್ಷಣ ಫೈಲುಗಳನ್ನ ಪೆನ್‌ಡ್ರೈವ್‌ಗೆ ಹಾಕ್ಕೊಳ್ಳಿ, ಡ್ರೈವರ್ ಆಮೇಲೆ ಸರಿಮಾಡಿಸಿ.

ಕನ್ನಡ ಕಾಣದಿದ್ದರೆ ಗಾಬರಿ ಬೇಡ

ಆ ಕಪ್ಪು ಪರದೆಯಲ್ಲಿ ಕನ್ನಡ ಹೆಸರಿನ ಫೈಲುಗಳು ಬರೀ ಚೌಕ, ಚುಕ್ಕಿಗಳಾಗಿ ಕಾಣ್ತವೆ. ಫೈಲ್ ಹಾಳಾಯ್ತು ಅಂದ್ಕೋಬೇಡಿ. ಅಲ್ಲಿನ ಫಾಂಟ್‌ಗೆ ಹೆಚ್ಚೆಂದರೆ 512 ಅಕ್ಷರರೂಪ ಹಿಡಿಯುತ್ತೆ, ನಮ್ಮ ಒತ್ತು, ಗುಣಿತ ಜೋಡಿಸೋ ಶಕ್ತಿ ಅದಕ್ಕಿಲ್ಲ. ಡೆಸ್ಕ್‌ಟಾಪ್ ಬಂದ ಮೇಲೆ ಹೆಸರು ಮೊದಲಿನಂತೆ ಕಾಣುತ್ತೆ.

ಇಷ್ಟು ಮಾಡಿದರೂ ಆಗದಿದ್ದರೆ ರಿಪೇರಿಗೆ ಕೊಡಿ. ಆದ್ರೆ ಕೊಡೋವಾಗಲೇ ಹೇಳಿ: ‘ಲೈವ್ ಪೆನ್‌ಡ್ರೈವ್‌ನಿಂದ ಆನ್ ಮಾಡಿ ಮೊದಲು ಡೇಟಾ ತೆಗೀರಿ, ಫಾರ್ಮ್ಯಾಟ್ ಮಾತು ಆಮೇಲೆ.’