ತಕ್ಕಡಿಯಿಲ್ಲದೆ ತೂಗುವ ತಟ್ಟೆ

ಪುಣೆಗೆ ಬಂದು ಇಷ್ಟು ವರ್ಷವಾದರೂ ನಾರಾಯಣಗಾಂವ್ ಎಂದರೆ ನಮಗೆ ಟೊಮೆಟೊ ಮಾರುಕಟ್ಟೆ, ಅಷ್ಟೇ. ಅದರ ಹತ್ತಿರದ ಖೋಡದ್‌ನಲ್ಲಿ ಜಿಎಂಆರ್‌ಟಿ ರೇಡಿಯೊ ದೂರದರ್ಶಕ ಇದೆ. ತಲಾ 45 ಮೀಟರ್ ಅಗಲದ 30 ಡಿಶ್‌ಗಳು. ವಿಜ್ಞಾನ ದಿನದ ಪ್ರದರ್ಶನಕ್ಕೆ ಮಗಳನ್ನು ಕರೆದೊಯ್ದಿದ್ದೆ. ಸುರುಳಿ ಗ್ಯಾಲಕ್ಸಿಯ ಚಿತ್ರದ ಮುಂದೆ ನಿಂತವಳು, ‘ಅಪ್ಪಾ, ಇದರ ತೂಕ ಎಷ್ಟು?’ ಎಂದಳು. ಸಾಫ್ಟ್‌ವೇರ್‌ನವನು ನಾನು, ಏನು ಹೇಳಲಿ? ಮನೆಗೆ ಬಂದು ಓದಲು ಕೂತೆ.

ತೂಗುವ ಉಪಾಯ ಸುಲಭ. ಹೈಡ್ರೋಜನ್ ಅನಿಲ ಹೊಮ್ಮಿಸುವ 21 ಸೆಂಟಿಮೀಟರ್ ಅಲೆ ಎಷ್ಟು ಸರಿದಿದೆ ಎಂಬುದರಿಂದ ಗ್ಯಾಲಕ್ಸಿ ತಿರುಗುವ ವೇಗ ತಿಳಿಯುತ್ತದೆ. ವೇಗದ ವರ್ಗವನ್ನು ಕೇಂದ್ರದಿಂದ ಇರುವ ದೂರದಿಂದ ಗುಣಿಸಿ, ಗುರುತ್ವ ಸ್ಥಿರಾಂಕದಿಂದ ಭಾಗಿಸಿದರೆ ಆ ಸುತ್ತಿನೊಳಗಿನ ದ್ರವ್ಯರಾಶಿ. ನಮ್ಮ ಸೂರ್ಯನ ವೇಗ ಸೆಕೆಂಡಿಗೆ ಸುಮಾರು 220 ಕಿಲೋಮೀಟರ್, ದೂರ 26 ಸಾವಿರ ಜ್ಯೋತಿರ್ವರ್ಷ. ಮಗಳೇ ಕ್ಯಾಲ್ಕುಲೇಟರ್ ಒತ್ತಿದಳು: ಸುಮಾರು 9 ಸಾವಿರ ಕೋಟಿ ಸೂರ್ಯರಷ್ಟು!

ಆದರೆ ಇದು ಒಟ್ಟು ಲೆಕ್ಕ. ಕಣ್ಣಿಗೆ ಕಾಣುವ ತಟ್ಟೆಯ ಪಾಲೆಷ್ಟು? 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾವನ್ನು ಅಳೆದಾಗ, ಅಂಚಿನತ್ತ ಹೋದರೂ ವೇಗ ನಿರೀಕ್ಷಿಸಿದಂತೆ ಇಳಿಯಲಿಲ್ಲ. ಬೆಳಕು ನೋಡಿ ತೂಕ ಹೇಳೋಣವೆಂದರೆ, ಮಂಕು ನಕ್ಷತ್ರಗಳು ಬೆಳಕಿನಲ್ಲಿ ಜಿಪುಣ, ತೂಕದಲ್ಲಿ ಧಾರಾಳಿ. ಭಾರದ ತಟ್ಟೆ ಎಂದುಕೊಂಡರೂ ಹಗುರದ್ದು ಎಂದುಕೊಂಡರೂ ಅದೇ ವೇಗಕ್ಕೆ ಲೆಕ್ಕ ಹೊಂದಿಸಬಹುದು!

ಇಲ್ಲಿ ನೆರವಿಗೆ ಬರುವುದು ತಟ್ಟೆಯ ಸ್ಥಿರತೆ. ಅಲಾರ್ ಟೂಮ್ರೆ 1964ರಲ್ಲಿ ತೋರಿಸಿದ್ದು ಇದನ್ನೇ: ತಟ್ಟೆಯ ಸ್ವಂತ ಗುರುತ್ವ ಅದನ್ನು ಅಲ್ಲಲ್ಲಿ ಉಂಡೆಕಟ್ಟಿಸಲು ನೋಡುತ್ತದೆ, ಅದರ ತಿರುಗಾಟ ಮತ್ತು ನಕ್ಷತ್ರಗಳ ಅಡ್ಡಾದಿಡ್ಡಿ ಓಡಾಟ ಅದನ್ನು ತಡೆಯುತ್ತವೆ. ಓಡಾಟ ಕಡಿಮೆಯಿದ್ದು ತಟ್ಟೆ ತೀರಾ ಭಾರವಾದರೆ ಉಳಿಯದು. 1973ರಲ್ಲಿ ಆಸ್ಟ್ರೈಕರ್ ಮತ್ತು ಪೀಬಲ್ಸ್ ಕೆಲವೇ ನೂರು ಬಿಂದುಗಳ ತಟ್ಟೆಯನ್ನು ಕಂಪ್ಯೂಟರ್‌ನಲ್ಲಿ ತಿರುಗಿಸಿದರು. ಇಂದಿನ ನನ್ನ ಫೋನಿಗೂ ಅದು ಮಕ್ಕಳಾಟ. ಬರೀ ತಟ್ಟೆ ಬೇಗನೆ ದಪ್ಪ ಕಡ್ಡಿಯ ಆಕಾರಕ್ಕೆ ತಿರುಗಿತು. ಸುತ್ತ ಕಾಣದ ದ್ರವ್ಯದ ದೊಡ್ಡ ಗೋಳ ಇಟ್ಟಾಗ ನಿಂತಿತು.

‘ಹಾಗಾದರೆ ತಟ್ಟೆದು ಎಷ್ಟು, ಗೋಳದ್ದು ಎಷ್ಟು?’ ಮಗಳು ಬಿಡಲಿಲ್ಲ.

ಅದಕ್ಕೂ ಒಂದು ದಾರಿಯಿದೆ. ನಮಗೆ ಮುಖಮಾಡಿರುವ ಗ್ಯಾಲಕ್ಸಿಗಳಲ್ಲಿ ನಕ್ಷತ್ರಗಳು ತಟ್ಟೆಯ ಮೇಲಕ್ಕೂ ಕೆಳಕ್ಕೂ ಎಷ್ಟು ವೇಗವಾಗಿ ಜೀಕುತ್ತವೆ ಎಂದು ಅಳೆಯುತ್ತಾರೆ. ಅದೇ ದಪ್ಪದ ತಟ್ಟೆಯಲ್ಲಿ ಜೀಕು ಜೋರಾದಷ್ಟೂ ತಟ್ಟೆ ಭಾರ. ದಪ್ಪವನ್ನು ಮಾತ್ರ ಪಕ್ಕಕ್ಕೆ ತಿರುಗಿರುವ ಬೇರೆ ಗ್ಯಾಲಕ್ಸಿಗಳಿಂದ ಸಾಲ ತರಬೇಕು. ಹೀಗೆ ತೂಗಿದ ಹಲವು ತಟ್ಟೆಗಳು ಅಂದುಕೊಂಡದ್ದಕ್ಕಿಂತ ಹಗುರವೇ ಬಂದಿವೆ.